ಗಂಟಲ ಬೇನೆ ಮತ್ತು ಹೃದಯದ ಕವಾಟ

ಹೃದ್ರೋಗವೆಂದೊಡನೆ ಜನಸಾಮಾನ್ಯರ ಕಣ್ಣೆದುರು ನಿಲ್ಲುವುದು ಐವತ್ತು ದಾಟಿದ, ಮೈತುಂಬಿದ, ಕುಳಿತು ಉಣ್ಣುವ ಗೃಹಸ್ಥನ ಚಿತ್ರ. ತುಪ್ಪ, ಬೆಣ್ಣೆ, ತಂಬಾಕು, ಚಿಂತೆ ಇವೇ ಆ ರೋಗದ ಮೂಲಗಳೆಂದು ಪತ್ರಿಕೆಗಳೂ ಭಾಷಣಕಾರರೂ ಸಾರುತ್ತ ಬಂದಿದ್ದಾರೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಬಯಲುಸೀಮೆಯಲ್ಲಿ ಜೋಳದ ರೊಟ್ಟಿ, ತೊಗರಿಬೇಳೆಯನ್ನುಂಡು ಬೆಳೆದ, ಮೈಮೇಲೆ ಬೆರಳಗಲ ಕೊಬ್ಬಿಲ್ಲದ ಹನ್ನೆರಡರ ಬಾಲಕಿಗೂ ಹೃದ್ರೋಗ ಬರುವುದುಂಟು. ಆಕೆಯ ರೋಗದ ಮೂಲವನ್ನು ಅಡುಗೆಮನೆಯಲ್ಲಿ ಹುಡುಕಿ ಫಲವಿಲ್ಲ. ಕೆಲವು ವಾರಗಳ ಹಿಂದೆ ಬಂದು, ನಾಲ್ಕು ದಿನವಿದ್ದು, ಮನೆಯವರೂ ಮರೆತುಬಿಟ್ಟ ಒಂದು ಗಂಟಲ ಬೇನೆಯಲ್ಲಿ ಅದು ಅಡಗಿರುತ್ತದೆ. ವೈದ್ಯರು ಇದನ್ನು ರುಮ್ಯಾಟಿಕ್ ಜ್ವರವೆಂದೂ, ಅದರಿಂದ ಉಳಿಯುವ ಊನವನ್ನು ರುಮ್ಯಾಟಿಕ್ ಹೃದ್ರೋಗವೆಂದೂ ಕರೆಯುತ್ತಾರೆ. ಕನ್ನಡದಲ್ಲಿ ಕೀಲುವಾತ ಜ್ವರ ಎಂಬ ಹೆಸರು ರೂಢಿಯಲ್ಲಿದೆ. ಹೆಸರಿನಲ್ಲಿ ಕೀಲು ಮುಂದೆ ನಿಂತುದರಿಂದ ಹೃದಯವು ಮರೆಯಾಗಿ ಉಳಿದದ್ದೇ ಈ ರೋಗದ ದೊಡ್ಡ ಅನರ್ಥ.

ಸೋಂಕು ಬೇರೆ, ಉರಿಯೂತ ಬೇರೆ. ಜಾಲಿಯ ಮುಳ್ಳು ಚುಚ್ಚಿದ ಬೆರಳು ಕೆಂಪೇರಿ, ಊದಿ, ಬಿಸಿಯಾಗಿ ನೋಯುವುದನ್ನು ಹೊಲದಲ್ಲಿ ದುಡಿಯುವ ಪ್ರತಿಯೊಬ್ಬರೂ ಬಲ್ಲರು. ಕೆಂಪು, ಊತ, ಕಾವು, ನೋವು ಎಂಬ ಈ ನಾಲ್ಕು ಲಕ್ಷಣಗಳನ್ನು ಒಂದನೆಯ ಶತಮಾನದಲ್ಲಿಯೇ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಒಟ್ಟುಗೂಡಿಸಿ ಹೇಳಿದ್ದಾನೆ. ಕನ್ನಡದ ಉರಿಯೂತವೆಂಬ ಪದವು ಉರಿಯನ್ನೂ ಊತವನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಇಂಗ್ಲಿಷಿನ ಪದಕ್ಕಿಂತ ಹೆಚ್ಚು ಅರ್ಥವತ್ತಾಗಿದೆ ಎನ್ನಬೇಕು. ಸೋಂಕೆಂದರೆ ಹೊರಗಿನ ಶತ್ರುವಿನ ಪ್ರವೇಶ. ಉರಿಯೂತವೆಂದರೆ ದೇಹವು ತನ್ನ ಸೈನ್ಯವನ್ನು ಆ ಸ್ಥಳಕ್ಕೆ ಕಳುಹಿಸಿ ಮಾಡುವ ಕಾಳಗ. ಕಾಳಗವು ಮಿತಿಯಲ್ಲಿದ್ದರೆ ಗಾಯ ಮಾಯುತ್ತದೆ; ಮಿತಿ ಮೀರಿದರೆ, ಇಲ್ಲವೆ ಸೈನ್ಯವು ಶತ್ರುವನ್ನು ಬಿಟ್ಟು ಸ್ವಂತ ಊರಿನ ಮೇಲೆಯೇ ತಿರುಗಿದರೆ ಕಾಪಾಡಬೇಕಾದ ಶಕ್ತಿಯೇ ಕೆಡಿಸುವ ಶಕ್ತಿಯಾಗುತ್ತದೆ. ಕೀಲುವಾತ ಜ್ವರದಲ್ಲಿ ಆಗುವುದು ಈ ಎರಡನೆಯ ಬಗೆ.

ಹೃದಯದಲ್ಲಿ ನಾಲ್ಕು ಕೋಣೆಗಳೂ ನಾಲ್ಕು ಕವಾಟಗಳೂ ಇವೆ. ಕೃಷ್ಣಾನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರಗಳ ಹೊಲಗಳಿಗೆ ನೀರು ಬರುವುದನ್ನು ಕಂಡವರಿಗೆ ತೂಬಿನ ಕೆಲಸವನ್ನು ವಿವರಿಸಬೇಕಾಗಿಲ್ಲ. ತೂಬಿನ ಬಾಗಿಲು ಅರ್ಧಕ್ಕೇ ಕಚ್ಚಿಕೊಂಡರೆ ಹಿಂದೆ ನೀರು ತುಂಬಿ ಒತ್ತುತ್ತದೆ, ಮುಂದಿನ ಹೊಲ ಒಣಗುತ್ತದೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ನೀರು ಸೋರಿ ಪೋಲಾಗುತ್ತದೆ. ಹೃದಯದ ಕವಾಟಕ್ಕೂ ಈ ಎರಡೇ ಕೇಡುಗಳು. ವ್ಯತ್ಯಾಸವಿಷ್ಟೆ: ತೂಬಿನ ಬಾಗಿಲನ್ನು ವರ್ಷಕ್ಕೊಮ್ಮೆ ದುರಸ್ತಿ ಮಾಡಬಹುದು, ಹೃದಯದ ಕವಾಟವೋ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತ ಬಿಡುವಿಲ್ಲದೆ ಕಾಯಕದಲ್ಲಿರುತ್ತದೆ. ಕೀಲುವಾತ ಜ್ವರದ ಪೆಟ್ಟು ಹೆಚ್ಚಾಗಿ ಬೀಳುವುದು ಎಡಭಾಗದ ಎರಡು ಕೋಣೆಗಳ ನಡುವಿರುವ ದ್ವಿದಳ ಕವಾಟಕ್ಕೆ. ಆರೋಗ್ಯವಂತ ವಯಸ್ಕರಲ್ಲಿ ಅದರ ತೆರಪು ನಾಲ್ಕರಿಂದ ಆರು ಚದರ ಸೆಂಟಿಮೀಟರಿನಷ್ಟು. ಕಾಯಿಲೆಯಿಂದ ದಳಗಳ ಅಂಚುಗಳು ಒಂದಕ್ಕೊಂದು ಅಂಟಿ, ದಪ್ಪಗಾಗಿ, ಅದು ಒಂದೂವರೆ ಚದರ ಸೆಂಟಿಮೀಟರಿಗಿಂತ ಕಿರಿದಾದರೆ ರೋಗವು ತೀವ್ರವಾಯಿತೆಂದೇ ಲೆಕ್ಕ.

ಈ ಕೇಡಿಗೆ ನಾಂದಿ ಹಾಡುವ ರೋಗಾಣುವಿಗೆ ಸ್ಟ್ರೆಪ್ಟೊಕಾಕಸ್ ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ಅದು ಪೋಣಿಸಿದ ಮಣಿಸರದಂತೆ ಕಾಣುತ್ತದೆ. ಅಮೆರಿಕದ ವಿಜ್ಞಾನಿ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್ 1933ರಲ್ಲಿ ಈ ಕುಲದ ರೋಗಾಣುಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಕೀಲುವಾತ ಜ್ವರಕ್ಕೆ ಕಾರಣವಾಗುವುದು ಎ ಗುಂಪಿನದು. ಅದರ ಹೊರಮೈಯಲ್ಲಿರುವ ಎಂ ಎಂಬ ಪ್ರೋಟೀನು ಮಾನವ ಹೃದಯದ ಅಂಗಾಂಶದ ಕೆಲವು ಪ್ರೋಟೀನುಗಳನ್ನು ಹೋಲುತ್ತದೆ. ರೋಗಾಣುವಿನ ವಿರುದ್ಧ ದೇಹವು ತಯಾರಿಸಿದ ಪ್ರತಿಕಾಯಗಳೂ ರಕ್ತಕಣಗಳೂ, ಕಳ್ಳನ ಚಹರೆಯನ್ನು ಹೋಲುವ ಮನೆಯಾತನನ್ನೇ ಕಾವಲುಗಾರನು ಬಡಿದಂತೆ, ಹೃದಯದ ಮೇಲೆಯೇ ಬೀಳುತ್ತವೆ. ಆ ಹೊತ್ತಿಗೆ ಗಂಟಲಿನ ರೋಗಾಣು ಹೃದಯಕ್ಕೆ ಬಂದಿರುವುದೇ ಇಲ್ಲ ಎಂಬುದು ಗಮನಾರ್ಹ. ಗಂಟಲ ಬೇನೆಗೂ ಜ್ವರಕ್ಕೂ ನಡುವೆ ಎರಡು ಮೂರು ವಾರಗಳ ಮೌನವಿರುವುದಕ್ಕೆ ಇದೇ ಕಾರಣ. ಆ ಮೌನದಿಂದಾಗಿಯೇ ತಾಯಿತಂದೆಯರು ಒಂದನ್ನು ಇನ್ನೊಂದಕ್ಕೆ ಜೋಡಿಸಿ ನೋಡುವುದಿಲ್ಲ. ಜ್ವರ ಬಂದ ಮಕ್ಕಳಲ್ಲಿ ಮೂರನೆಯ ಒಂದು ಭಾಗದವರಿಗಾದರೂ ಗಂಟಲು ನೋವಿನ ನೆನಪೇ ಇರುವುದಿಲ್ಲ.

ಸ್ಟ್ರೆಪ್ಟೊಕಾಕಸ್ ತಗಲಿದ ಎಲ್ಲರಿಗೂ ಈ ಜ್ವರ ಬರುವುದಿಲ್ಲ ಎಂಬುದನ್ನೂ ಹೇಳದೆ ಇರಲಾಗದು. ಚಿಕಿತ್ಸೆ ಪಡೆಯದ ನೂರು ಮಂದಿಯಲ್ಲಿ ಹೆಚ್ಚೆಂದರೆ ಮೂವರು ಅದಕ್ಕೆ ಗುರಿಯಾಗುತ್ತಾರೆ. ವಯಸ್ಸು ಬಹುಮಟ್ಟಿಗೆ ಐದರಿಂದ ಹದಿನೈದು, ಅಂದರೆ ಶಾಲೆಯ ವಯಸ್ಸು.

ಸಂಧಿಗಳ ನೋವಿಗೂ ಹೃದಯಕ್ಕೂ ಇರುವ ಸಂಬಂಧ ಹಿಂದಿನವರ ಗಮನಕ್ಕೆ ಬಾರದೆ ಇರಲಿಲ್ಲ. ಮಾಧವನಿದಾನದಲ್ಲಿ ಆಮವಾತದ ಉಲ್ಬಣಾವಸ್ಥೆಯನ್ನು ವರ್ಣಿಸುವಾಗ ಹೃದ್ಗ್ರಹವನ್ನೂ ಎಣಿಸಲಾಗಿದೆ. ಆಮವಾತವೂ ಇಂದಿನ ಕೀಲುವಾತ ಜ್ವರವೂ ಒಂದೇ ಎಂದು ಸಾಧಿಸುವ ಹುಮ್ಮಸ್ಸು ಬೇಡ. ಆದರೆ ಕೀಲು ನೋಯುವ ರೋಗಿಯ ಎದೆಯ ಕಡೆಗೂ ವೈದ್ಯನ ಲಕ್ಷ್ಯ ಹೋಗಿತ್ತೆಂಬುದು ಸ್ಪಷ್ಟ. ಯೂರೋಪಿನಲ್ಲಿ ಲೆನೆಕ್ ಎಂಬ ಫ್ರೆಂಚ್ ವೈದ್ಯನು 1816ರಲ್ಲಿ ಎದೆದರ್ಶಕವನ್ನು ಕಂಡುಹಿಡಿದ ಮೇಲೆ ಹೃದಯದ ಸಪ್ಪಳವನ್ನು ಕೇಳುವುದು ಸಾಧ್ಯವಾಯಿತು. ಅದೇ ದೇಶದ ಬೂಯೋ 1836ರಲ್ಲಿ ಕೀಲುವಾತವೂ ಹೃದಯದ ಉರಿಯೂತವೂ ಜೊತೆಜೊತೆಯಾಗಿಯೇ ಬರುತ್ತವೆಂದು ಪ್ರತಿಪಾದಿಸಿದನು. ಭಾರತದಲ್ಲಿ ಈ ರೋಗದ ಹರವನ್ನು ಜಗತ್ತಿಗೆ ತಿಳಿಸಿದವರಲ್ಲಿ ಡಾ. ಎಸ್. ಪದ್ಮಾವತಿಯವರ ಹೆಸರು ಮೊದಲು ಬರುತ್ತದೆ. 1917ರಲ್ಲಿ ಬರ್ಮಾದಲ್ಲಿ ಹುಟ್ಟಿ, ದೆಹಲಿಯಲ್ಲಿ ದುಡಿದು, ದೇಶದ ಮೊದಲ ಮಹಿಳಾ ಹೃದ್ರೋಗ ತಜ್ಞೆಯೆನಿಸಿದ ಅವರು 2020ರಲ್ಲಿ, ನೂರಮೂರನೆಯ ವಯಸ್ಸಿನಲ್ಲಿ, ಕೋವಿಡ್ ಸೋಂಕಿನಿಂದ ತೀರಿಕೊಂಡರು.

ರೋಗವು ಶಾಲೆಯ ವಯಸ್ಸಿನದಾದುದರಿಂದ ಅದನ್ನು ಮೊದಲು ಕಾಣುವ ಅವಕಾಶ ಅನೇಕ ವೇಳೆ ವೈದ್ಯನಿಗಿಂತ ಶಿಕ್ಷಕನಿಗೇ ಇರುತ್ತದೆ. ಮೊಣಕಾಲು ಊದಿ ನೋಯುತ್ತದೆ. ಎರಡು ದಿನಕ್ಕೆ ಅದು ಇಳಿದು ಹಿಮ್ಮಡಿಗಂಟು ಊದುತ್ತದೆ. ಅದೂ ಇಳಿದು ಮೊಣಕೈಗೆ ಹೋಗುತ್ತದೆ. ಹೀಗೆ ನೋವು ಒಂದು ಕೀಲಿನಿಂದ ಮತ್ತೊಂದಕ್ಕೆ ವಲಸೆ ಹೋಗುವುದು ಈ ಜ್ವರದ ಗುರುತು. ಆಟದಲ್ಲಿ ಮುಂದಿರುತ್ತಿದ್ದ ಹುಡುಗನು ಮೆಟ್ಟಿಲು ಹತ್ತಿ ನಿಂತು ಏದುಸಿರು ಬಿಡುತ್ತಾನೆ. ಇವೆಲ್ಲ ಹೇಗೋ ಕಣ್ಣಿಗೆ ಬಿದ್ದಾವು. ಬೀಳದಿರುವುದು ಇನ್ನೊಂದಿದೆ. ಗಂಟಲ ಬೇನೆಯಾದ ಕೆಲವು ತಿಂಗಳ ಮೇಲೆ, ಹುಡುಗರಿಗಿಂತ ಹೆಚ್ಚಾಗಿ ಹುಡುಗಿಯರಲ್ಲಿ, ಕೈಕಾಲುಗಳು ತಾವಾಗಿಯೇ ಅದುರತೊಡಗುತ್ತವೆ. ಮುತ್ತು ಪೋಣಿಸಿದಂತಿದ್ದ ಕೈಬರಹ ಕೆಡುತ್ತದೆ. ಪ್ರಸಾದದ ತಟ್ಟೆ ಕೈಜಾರಿ ಬೀಳುತ್ತದೆ. ಕಾರಣವಿಲ್ಲದೆ ಅಳು, ಕಾರಣವಿಲ್ಲದೆ ಮುನಿಸು. ಮಗುವಿಗೆ ಅಲಕ್ಷ್ಯವೆಂದು ಬೈಗುಳ ಸಿಗುತ್ತದೆ, ಕೆಲವು ಮನೆಗಳಲ್ಲಿ ಗಾಳಿ ಸೋಕಿತೆಂದು ತಾಯಿತ ಕಟ್ಟುವುದೂ ಉಂಟು. ವಾಸ್ತವವಾಗಿ ಅದು ಅದೇ ಜ್ವರವು ಮಿದುಳಿನಲ್ಲಿ ಎಬ್ಬಿಸಿದ ಉರಿಯೂತ. ಹದಿನೇಳನೆಯ ಶತಮಾನದ ಇಂಗ್ಲಿಷ್ ವೈದ್ಯ ಸಿಡೆನ್‌ಹ್ಯಾಮನ ಹೆಸರಿನಿಂದ ಅದನ್ನು ಗುರುತಿಸುತ್ತಾರೆ. ಅಂಥ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುವ ಬದಲು ಆಸ್ಪತ್ರೆಗೆ ಕಳುಹಿಸುವುದು ಶಿಕ್ಷಕನ ಕೆಲಸ.

ಗಂಟಲು ನೋವೆಲ್ಲ ಅಪಾಯಕಾರಿಯಲ್ಲ. ಹೆಚ್ಚಿನವು ವೈರಸ್ಸಿನಿಂದ ಬಂದು ತಾವಾಗಿಯೇ ಹೋಗುತ್ತವೆ. ಅವುಗಳಲ್ಲಿ ನೆಗಡಿ, ಕೆಮ್ಮು, ಧ್ವನಿ ಒಡೆಯುವುದು ಸಾಮಾನ್ಯ. ನೆಗಡಿ ಕೆಮ್ಮುಗಳಿಲ್ಲದೆ ಒಮ್ಮೆಲೆ ಜ್ವರ ಬಂದು, ನುಂಗಲು ಕಷ್ಟವಾಗಿ, ಗಂಟಲ ಗ್ರಂಥಿಗಳ ಮೇಲೆ ಬಿಳಿಯ ಕೀವು ಕಂಡು, ದವಡೆಯ ಕೆಳಗೆ ಕುತ್ತಿಗೆಯಲ್ಲಿ ಗಂಟು ನೋಯುತ್ತಿದ್ದರೆ ಮಾತ್ರ ಸ್ಟ್ರೆಪ್ಟೊಕಾಕಸನ್ನು ಶಂಕಿಸಬೇಕು. ಅದಕ್ಕೆ ಮದ್ದು ಅಗ್ಗದ ಪೆನಿಸಿಲಿನ್. 1928ರಲ್ಲಿ ಫ್ಲೆಮಿಂಗ್ ಕಂಡ ಆ ಔಷಧಿಯು ಹೃದಯವನ್ನು ಕಾಯಬಲ್ಲುದೆಂದು ಸಿದ್ಧವಾದದ್ದು ಮಾತ್ರ 1950ರಲ್ಲಿ, ಅಮೆರಿಕದ ವಾಯೋಮಿಂಗ್ ಸಂಸ್ಥಾನದ ವಾರೆನ್ ಸೇನಾನೆಲೆಯಲ್ಲಿ. ಚಾರ್ಲ್ಸ್ ರಾಮೆಲ್‌ಕ್ಯಾಂಪ್ ಮತ್ತು ಸಂಗಡಿಗರು ಗಂಟಲು ನೊಂದ ಸೈನಿಕರಿಗೆ ಪೆನಿಸಿಲಿನ್ ಕೊಟ್ಟು, ಅವರಲ್ಲಿ ಕೀಲುವಾತ ಜ್ವರ ಬಹುಮಟ್ಟಿಗೆ ನಿಂತುಹೋದುದನ್ನು ತೋರಿಸಿದರು. ಬೇನೆ ಆರಂಭವಾಗಿ ಒಂಬತ್ತು ದಿನಗಳೊಳಗೆ ಮದ್ದು ಕೊಟ್ಟರೂ ಹೃದಯ ಉಳಿಯುತ್ತದೆ. ಗುಳಿಗೆಯಾದರೆ ಹತ್ತು ದಿನ ನುಂಗಬೇಕು. ಮೂರನೆಯ ದಿನಕ್ಕೆ ನೋವು ಹೋಯಿತೆಂದು ಬಿಡುವುದೇ ರೂಢಿ, ಅದೇ ತಪ್ಪು. ಆ ಧೈರ್ಯವಿಲ್ಲದ ಕಡೆ ಬೆಂಜಥೀನ್ ಪೆನಿಸಿಲಿನ್ನಿನ ಒಂದೇ ಚುಚ್ಚುಮದ್ದು ಸಾಕು.

ಅದೇ ಸೇನಾನೆಲೆಯಿಂದ ಹೊರಬಂದ ಇನ್ನೊಂದು ಸಂಗತಿಯು ವಸತಿ ಶಾಲೆಗಳನ್ನೂ ಪ್ರಸಾದ ನಿಲಯಗಳನ್ನೂ ನಡೆಸುವ ಮಠಗಳಿಗೆ ನೇರವಾಗಿ ಸಂಬಂಧಿಸಿದ್ದು. ಸೈನಿಕರ ಮಂಚಗಳು ಹತ್ತಿರವಾದಷ್ಟೂ ಸೋಂಕು ಹೆಚ್ಚಿತು, ದೂರವಾದಷ್ಟೂ ತಗ್ಗಿತು. ಹೊದಿಕೆಯಿಂದಲೋ ಕೋಣೆಯ ಧೂಳಿನಿಂದಲೋ ರೋಗ ಹರಡಲಿಲ್ಲ; ಹರಡಿದ್ದು ಮಲಗಿದವರ ಉಸಿರು ತಾಗುವಷ್ಟು ಸಾಮೀಪ್ಯದಿಂದ. ಯೂರೋಪು ಅಮೆರಿಕಗಳಲ್ಲಿ ಪೆನಿಸಿಲಿನ್ ಬರುವುದಕ್ಕೆ ಮೊದಲೇ ಈ ಜ್ವರ ಇಳಿಯತೊಡಗಿತ್ತು. ಮನೆಗಳು ವಿಶಾಲವಾದುದೂ ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವುದು ತಪ್ಪಿದುದೂ ಅದಕ್ಕೆ ಮುಖ್ಯ ಕಾರಣವೆಂದು ತಿಳಿಯಲಾಗಿದೆ. ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದ ದಾಸೋಹದ ಪರಂಪರೆಯು ಈ ನಾಡಿಗೆ ಮಾಡಿದ ಉಪಕಾರ ಅಳತೆಗೆ ಸಿಗುವಂಥದಲ್ಲ. ಬಂದ ಮಗುವನ್ನು ಹಿಂದಕ್ಕೆ ಕಳಿಸಬಾರದೆಂಬ ಔದಾರ್ಯದಿಂದಲೇ ಕೋಣೆಗಳು ಕಿಕ್ಕಿರಿಯುತ್ತವೆ ಎಂಬುದೂ ನಿಜವೇ. ಹೊಸ ಕಟ್ಟಡ ಕೂಡಲೇ ಆಗದಿದ್ದರೂ ಹಾಸಿಗೆಗಳ ನಡುವೆ ಅಂತರವಿಡುವುದು, ಒಬ್ಬನ ತಲೆಯ ಬಳಿ ಮತ್ತೊಬ್ಬನ ಕಾಲು ಬರುವಂತೆ ಮಲಗಿಸುವುದು, ಕಿಟಕಿ ತೆರೆದಿಡುವುದು ಹಣ ಬೇಡದ ಕೆಲಸಗಳು.

ಒಮ್ಮೆ ಕೀಲುವಾತ ಜ್ವರ ಬಂದವರ ಪ್ರಶ್ನೆ ಬೇರೆ. ಅವರಿಗೆ ಮತ್ತೆ ಗಂಟಲ ಸೋಂಕಾದರೆ ಜ್ವರವು ಮರುಕಳಿಸುತ್ತದೆ, ಪ್ರತಿ ಸಲವೂ ಕವಾಟ ಇನ್ನಷ್ಟು ಕೆಡುತ್ತದೆ. ಆದುದರಿಂದ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚಿಸಿಕೊಳ್ಳುತ್ತಲೇ ಇರಬೇಕು. ಹೃದಯಕ್ಕೆ ಪೆಟ್ಟು ಬೀಳದಿದ್ದರೆ ಐದು ವರ್ಷ ಇಲ್ಲವೆ ಹದಿನೆಂಟು ತುಂಬುವವರೆಗೆ. ಲಘುವಾದ ಪೆಟ್ಟಾಗಿದ್ದರೆ ಹತ್ತು ವರ್ಷ ಇಲ್ಲವೆ ಇಪ್ಪತ್ತೈದು ತುಂಬುವವರೆಗೆ. ಎರಡರಲ್ಲಿ ಯಾವುದು ದೀರ್ಘವೋ ಅಲ್ಲಿಯತನಕ. ಪೆಟ್ಟು ತೀವ್ರವಾಗಿದ್ದರೆ ನಲವತ್ತರವರೆಗೆ ಅಥವಾ ಜೀವಮಾನವಿಡೀ. ಇದರ ಫಲವನ್ನು ಆಫ್ರಿಕದ ಉಗಾಂಡ ದೇಶದಲ್ಲಿ ಅಳೆದು ನೋಡಿದ್ದಾರೆ. ಹೊರಗೆ ಏನೂ ಕಾಣದ, ಆದರೆ ಎಕೋ ಯಂತ್ರದಲ್ಲಿ ಕವಾಟದ ಮೊದಲ ಕೇಡು ಕಂಡ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ತಿಂಗಳ ಚುಚ್ಚುಮದ್ದು ಕೊಟ್ಟು ಎರಡು ವರ್ಷ ಕಾದರು. 2021ರಲ್ಲಿ ಫಲ ಪ್ರಕಟವಾಯಿತು: ಮದ್ದು ಪಡೆದ 399 ಮಕ್ಕಳಲ್ಲಿ ರೋಗ ಬೆಳೆದದ್ದು ಮೂವರಲ್ಲಿ, ಪಡೆಯದ 400 ಮಕ್ಕಳಲ್ಲಿ 33 ಜನರಲ್ಲಿ.

ಇಷ್ಟಿದ್ದರೂ ಚುಚ್ಚುಮದ್ದಿನ ಹೆಸರೆತ್ತಿದರೆ ರೋಗಿಗಳಿಗೆ ಹೆದರಿಕೆ, ಕೆಲವು ವೈದ್ಯರಿಗೂ ಹಿಂಜರಿಕೆ. ಪೆನಿಸಿಲಿನ್ ಒಗ್ಗದೆ ಪ್ರಾಣಾಪಾಯವಾದೀತೆಂಬ ಭಯ ನಿರಾಧಾರವಲ್ಲ. ಆದರೆ ಅದರ ಅಳತೆ ತಿಳಿದಿರಬೇಕು. ಹಲವು ದೇಶಗಳಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 32,430 ಚುಚ್ಚುಮದ್ದುಗಳಿಗೆ ನಾಲ್ಕು ಸಲ ಮಾತ್ರ ತೀವ್ರ ಒಗ್ಗದಿಕೆ ಕಂಡಿತು. ಒಬ್ಬ ರೋಗಿ ತೀರಿಕೊಂಡನು. ಕವಾಟ ತೀರ ಕೆಟ್ಟವರಲ್ಲಿ ಚುಚ್ಚುಮದ್ದೇ, ಗುಳಿಗೆಯೇ ಎಂಬುದನ್ನು ತಜ್ಞನು ನಿರ್ಧರಿಸಬೇಕು. ಇದಕ್ಕೆ ವಿರುದ್ಧವಾದ ಇನ್ನೊಂದು ಅತಿರೇಕವೂ ಊರುಗಳಲ್ಲಿ ಕಾಣುತ್ತದೆ. ಯಾವ ಕೈಕಾಲು ನೋವಿಗಾದರೂ ಎ.ಎಸ್.ಓ. ಎಂಬ ರಕ್ತಪರೀಕ್ಷೆ ಮಾಡಿಸಿ, ಅಂಕಿ ಹೆಚ್ಚಿದೆಯೆಂದ ಮಾತ್ರಕ್ಕೆ ವರ್ಷಗಟ್ಟಲೆ ಪೆನಿಸಿಲಿನ್ ಬರೆದುಕೊಡುವುದು. ಆ ಪರೀಕ್ಷೆ ಹೇಳುವುದು ಹಿಂದೆಂದೋ ಸ್ಟ್ರೆಪ್ಟೊಕಾಕಸ್ ತಗಲಿತ್ತೆಂದಷ್ಟೆ. ಆರೋಗ್ಯವಂತ ಮಕ್ಕಳಲ್ಲಿಯೂ ಅಂಕಿ ಏರಿರುತ್ತದೆ. ರೋಗನಿರ್ಣಯಕ್ಕೆ ಡಕೆಟ್ ಜೋನ್ಸ್ 1944ರಲ್ಲಿ ರೂಪಿಸಿದ, 2015ರಲ್ಲಿ ಪರಿಷ್ಕೃತವಾದ ಸೂತ್ರಗಳೇ ಆಧಾರ.

ಇನ್ನು ಆರಂಭದಲ್ಲಿ ಹೇಳಿದ ಗೃಹಸ್ಥನ ಹೃದ್ರೋಗದ ಮಾತು. ಅಲ್ಲಿಯೂ ಉರಿಯೂತದ ಕೈವಾಡವಿದೆ ಎಂಬುದು ಈಚಿನ ದಶಕಗಳ ಅರಿವು. ಅಪಧಮನಿಯ ಗೋಡೆಯೊಳಗೆ ಕೊಬ್ಬು ಸೇರುವುದು ಕೊಳವೆಯಲ್ಲಿ ಸುಣ್ಣ ಕಟ್ಟಿದಂತಲ್ಲ. ಸೇರಿದ ಕೊಬ್ಬಿನ ಸುತ್ತ ರಕ್ತದ ಬಿಳಿಕಣಗಳು ಕೂಡಿ ಉರಿಯೂತವನ್ನೆಬ್ಬಿಸುತ್ತವೆ, ಆ ಗಂಟು ಒಡೆದಾಗ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. ರಸೆಲ್ ರಾಸ್ 1999ರಲ್ಲಿ ಇದನ್ನು ಉರಿಯೂತದ ರೋಗವೆಂದೇ ಕರೆದನು. 2017ರಲ್ಲಿ ಹತ್ತು ಸಾವಿರ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧಿಯು ಹೃದಯಾಘಾತ, ಪಾರ್ಶ್ವವಾಯು ಮೊದಲಾದವನ್ನು ಶೇಕಡಾ 15ರಷ್ಟು ಕಡಿಮೆ ಮಾಡಿತು. ಆದರೆ ಪ್ರಾಣಾಂತಿಕ ಸೋಂಕುಗಳು ತುಸು ಹೆಚ್ಚಿದವು. ಅಗ್ನಿಶಿಖೆಯ ಗಡ್ಡೆಯಲ್ಲಿರುವ ಕೊಲ್ಚಿಸಿನ್ ಎಂಬ ಸತ್ವವು ಅತ್ಯಲ್ಪ ಪ್ರಮಾಣದಲ್ಲಿ ಇದೇ ಕೆಲಸ ಮಾಡುವುದನ್ನು 2019 ಮತ್ತು 2020ರ ಪ್ರಯೋಗಗಳು ತೋರಿಸಿದವು. ಗಡ್ಡೆಯಾದರೋ ಘೋರ ವಿಷ; ಅದನ್ನು ಮನೆಮದ್ದಾಗಿ ಯಾರೂ ಮುಟ್ಟತಕ್ಕದ್ದಲ್ಲ. ರೋಗಾಣುವೊಂದೇ ಹೃದಯಾಘಾತಕ್ಕೆ ಕಾರಣವಿರಬಹುದೆಂದು ನಂಬಿ ಸಾವಿರಾರು ರೋಗಿಗಳಿಗೆ ಪ್ರತಿಜೈವಿಕ ಔಷಧಿ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳು 2005ರಲ್ಲಿ ವಿಫಲವಾದವು. ಆದರೆ ಫ್ಲೂ ಜ್ವರ ಬಂದ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಆರು ಪಟ್ಟು ಹೆಚ್ಚುವುದೆಂದು ಕೆನಡಾದ ಅಧ್ಯಯನವು 2018ರಲ್ಲಿ ತಿಳಿಸಿದೆ. ವಸಡಿನ ರೋಗಕ್ಕೂ ಹೃದ್ರೋಗಕ್ಕೂ ನಂಟು ಕಂಡಿದೆಯಾದರೂ ಒಂದು ಇನ್ನೊಂದಕ್ಕೆ ಕಾರಣವೆಂಬುದು ಸಿದ್ಧವಾಗಿಲ್ಲ. ಕವಾಟ ಕೆಟ್ಟವರ ಮಟ್ಟಿಗೆ ಮಾತ್ರ ಬಾಯಿಯ ಶುಚಿ ಕಡ್ಡಾಯ. ಹಲ್ಲಿನ ಸಂದಿಯಿಂದ ರಕ್ತಕ್ಕಿಳಿದ ರೋಗಾಣುಗಳು ಕೆಟ್ಟ ಕವಾಟದ ಮೇಲೆ ನೆಲೆಯೂರಿ ಮಾರಕವಾಗುತ್ತವೆ.

ಕಲ್ಯಾಣ ಕರ್ನಾಟಕದ ಈ ಭಾಗಕ್ಕೆ ಗೃಹಸ್ಥನ ಹೃದ್ರೋಗಕ್ಕಿಂತ ಬಾಲಕಿಯದೇ ಹೆಚ್ಚು ಮನ ಕಲಕುವ ವಿಷಯ. ಬಾಲ್ಯದಲ್ಲಿ ಕವಾಟ ಕೆಟ್ಟವಳು ಹಲವು ವರ್ಷ ಏನೂ ತೋರದೆ ಇರಬಲ್ಲಳು. ಮದುವೆಯಾಗಿ ಗರ್ಭಿಣಿಯಾದಾಗ ದೇಹದಲ್ಲಿ ರಕ್ತದ ಪ್ರಮಾಣ ನೂರಕ್ಕೆ ನಲವತ್ತು ಐವತ್ತರಷ್ಟು ಏರುತ್ತದೆ. ಅರ್ಧ ಮುಚ್ಚಿದ ತೂಬಿಗೆ ಪ್ರವಾಹ ಬಂದಂತೆ! ಆರೇಳು ತಿಂಗಳಿಗೆ ಉಸಿರು ಕಟ್ಟುತ್ತದೆ, ರಾತ್ರಿ ಮಲಗಲಾಗದೆ ಎದ್ದು ಕೂರುತ್ತಾಳೆ. ಬಸುರಿಗೆ ಏದುಸಿರು ಸಹಜವೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅವಳ ಎದೆಗೆ ದರ್ಶಕವಿಟ್ಟು ಕೇಳುವುದು ಅಷ್ಟೇ ಸುಲಭವಾದ ಕೆಲಸ.

ಕಿರಿದಾದ ಕವಾಟವನ್ನು ಹಿಗ್ಗಿಸಲು ಎದೆ ಸೀಳಬೇಕಾಗಿದ್ದ ಕಾಲವೊಂದಿತ್ತು. ಜಪಾನಿನ ಕಾಂಜಿ ಇನೋವೆ 1984ರಲ್ಲಿ ವಿವರಿಸಿದ ವಿಧಾನದಲ್ಲಿ ತೊಡೆಯ ರಕ್ತನಾಳದಿಂದ ಬಲೂನನ್ನು ಹಾಯಿಸಿ ಅಂಟಿದ ದಳಗಳನ್ನು ಬಿಡಿಸುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾಗಿದೆ. ಅದರ ಶಾಖೆ ಕಲಬುರಗಿಯಲ್ಲಿಯೇ ಇದೆ. ನಿಜಾಮರ ಆಳ್ವಿಕೆಯ ದಿನಗಳಲ್ಲಿ ಕಠಿಣ ಕಾಯಿಲೆಗೆ ಹೈದರಾಬಾದಿನ ಹಾದಿ ಹಿಡಿಯಬೇಕಾಗಿದ್ದ ಜನಕ್ಕೆ, ಕಲಬುರಗಿಯಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯ ಸ್ಥಾಪನೆಯಾದುದು ಎಷ್ಟು ದೊಡ್ಡ ತಿರುವೆಂಬುದನ್ನು ಇಂದಿನವರು ಊಹಿಸಲಾರರು. ಬಲೂನಿಗೂ ಮೀರಿ ಕೆಟ್ಟ ಕವಾಟವನ್ನು ಬದಲಿಸಬೇಕಾಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಸಿದ್ಧವಾದ ಸ್ವದೇಶಿ ಕವಾಟವನ್ನು ಮೊದಲು ಅಳವಡಿಸಿದ್ದು 1990ರ ಡಿಸೆಂಬರ್ 6ರಂದು. ಲೋಹದ ಕವಾಟ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ಗುಳಿಗೆ ನುಂಗುತ್ತ, ಆಗಾಗ ರಕ್ತಪರೀಕ್ಷೆ ಮಾಡಿಸುತ್ತ ಇರಬೇಕು. ಹಳ್ಳಿಯ ರೈತಾಪಿ ಮನೆಗೆ ಅದು ಹಗುರವಾದ ಹೊರೆಯಲ್ಲ.

ಯಾದಗಿರಿಯು 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ, ಅವರು ಹುಡುಕಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಈ ಹೃದ್ರೋಗವೂ ಸೇರಿದೆ. ತಂಡ ಬಂದ ದಿನ ಮಗು ಶಾಲೆಯಲ್ಲಿರಬೇಕಷ್ಟೆ. ತೊಡಕಿರುವುದು ಅಲ್ಲಿಯೇ. ಮಳೆ ಕೈಕೊಟ್ಟ ವರ್ಷ, ಸುಗ್ಗಿ ಮುಗಿದ ಮೇಲೆ, ಈ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಕಟ್ಟಡದ ಕೆಲಸದೆಡೆಯ ತಗಡಿನ ಗುಡಿಸಲಿನಲ್ಲಿ ಐದಾರು ಜನ ಒತ್ತೊತ್ತಾಗಿ ಮಲಗುತ್ತಾರೆ. ಸೋಂಕು ಹರಡಲು ಅದಕ್ಕಿಂತ ಅನುಕೂಲದ ಜಾಗವಿಲ್ಲ. ಊರಿನ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ನಡೆಯುತ್ತಿದ್ದ ಚುಚ್ಚುಮದ್ದು ಕಡಿಯುವುದೂ ಅದೇ ತಿಂಗಳುಗಳಲ್ಲಿ. ಮದ್ದಿನ ರಕ್ಷಣೆ ನಾಲ್ಕನೆಯ ವಾರದ ಹೊತ್ತಿಗೆ ಕರಗಿಹೋಗಿರುತ್ತದೆ.

ಮಗುವಿನ ಹೆಸರು, ರೋಗದ ಹೆಸರು, ಕೊನೆಯ ಚುಚ್ಚುಮದ್ದಿನ ದಿನಾಂಕ, ಮುಂದಿನದರ ದಿನಾಂಕ, ಔಷಧಿಯ ಪ್ರಮಾಣ ಇಷ್ಟನ್ನು ಬರೆದ ಒಂದು ಚೀಟಿಯನ್ನು ಆಸ್ಪತ್ರೆಯಿಂದ ಬರೆಸಿಕೊಂಡು, ಗುಳೆ ಹೊರಟ ತಾಯಿಯ ಕೈಗೆ ಶಾಲೆಯವರೇ ಕೊಟ್ಟು ಕಳುಹಿಸಬಹುದು. ಪ್ರಮಾಣವು ಸಾಮಾನ್ಯವಾಗಿ ಹನ್ನೆರಡು ಲಕ್ಷ ಯೂನಿಟ್. ಇಪ್ಪತ್ತೇಳು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಆರು ಲಕ್ಷ. ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಸುತ್ತಿಟ್ಟ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಅದೂ ಇದ್ದರೆ, ಬೆಂಗಳೂರಿನಲ್ಲಾಗಲಿ ಪುಣೆಯಲ್ಲಾಗಲಿ ಹತ್ತಿರದ ಆಸ್ಪತ್ರೆಯ ವೈದ್ಯನು ಭಾಷೆ ತಿಳಿಯದಿದ್ದರೂ ದಿನಾಂಕವನ್ನು ನೋಡಿ ಮದ್ದು ಕೊಡಬಲ್ಲನು.